ಚಾಪೆಯ ಮೇಲೆ ಹೇಳಿದ ಮಾತು

ನಮ್ಮ ಕೂಟಕ್ಕೆ ಕುರ್ಚಿ ಹಾಕುವ ಪದ್ಧತಿ ಇಲ್ಲ. ತಿಂಗಳಿಗೊಂದು ಮನೆಯ ಸರದಿ. ಯಾರ ಸರದಿಯೋ ಅವರು ನಡುಮನೆಯಲ್ಲಿ ಚಾಪೆ ಹಾಸಿ, ಸ್ಟೂಲಿನ ಮೇಲೊಂದು ಬಿಳಿ ಬಟ್ಟೆ ಹೊದಿಸಿ, ಬೈಬಲ್ಲು ಮತ್ತು ಮೇಣದ ಬತ್ತಿ ಇಡಬೇಕು. ಬಂದವರೆಲ್ಲ ಸುತ್ತ ಕೂರಬೇಕು. ಮಂಡಿ ನೋವಿನವರು ಗೋಡೆಗೆ ಒರಗಬಹುದು, ರಿಯಾಯಿತಿ ಅಷ್ಟೇ. ನನಗೂ ಮಂಡಿ ನೋವಿದೆ, ಆದರೆ ನಾನು ಗೋಡೆಗೆ ಒರಗಿದವಳಲ್ಲ. ಒರಗಿದರೆ ವಯಸ್ಸಾಯಿತೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ಹಟ.

ಕಿರು ಸಮುದಾಯ ಎಂಬ ಈ ಏರ್ಪಾಡನ್ನು ನಮ್ಮಲ್ಲಿ ಶುರು ಮಾಡಿದ್ದು ಹಿಂದೆ ಇದ್ದ ಫಾದರ್. ಭಾನುವಾರದ ಪೂಜೆಗೆ ಪೇಟೆಯ ಚರ್ಚಿನಲ್ಲಿ ಸುತ್ತಲಿನ ತೋಟಗಳವರೆಲ್ಲ ಸೇರುತ್ತೇವೆ. ಮ್ಯಾನೇಜರ್, ಲೆಕ್ಕ ಬರೆಯುವ ರೈಟರ್ ಮನೆಯವರು ಮುಂದಿನ ಬೆಂಚುಗಳಲ್ಲಿ, ಕೂಲಿಯಾಳುಗಳ ಲೈನ್ ಮನೆಗಳವರು ಬಾಗಿಲ ಹತ್ತಿರ, ನಮ್ಮಂಥ ತುಂಡು ತೋಟದವರು ನಡುವೆ. ಹೀಗೇ ಕೂರಿ ಎಂದು ಯಾರೂ ಹೇಳಿದ್ದಲ್ಲ, ಹೀಗೆ ಕೂರಬೇಡಿ ಎಂದೂ ಯಾರೂ ಹೇಳಲಿಲ್ಲ. "ಪೂಜೇಲಿ ನಿಮಗೆ ಕಾಣೋದು ಮುಂದಿನವರ ಕತ್ತು ಮಾತ್ರ. ತಿಂಗಳಿಗೊಂದು ಸಲ ಮುಖ ನೋಡ್ಕೊಳ್ಳಿ" ಎಂದು ಆ ಫಾದರ್ ಚರ್ಚಿಗೆ ಸೇರಿದ ಮನೆಗಳನ್ನೆಲ್ಲ, ಅಂದರೆ ಇಡೀ ಧರ್ಮಕೇಂದ್ರವನ್ನು, ರಸ್ತೆಗೊಂದು ಗುಂಪು ಮಾಡಿ ಹಂಚಿಬಿಟ್ಟರು. ಆಲೂರಿನ ಕಡೆಯಿಂದ ಮೇಲೆ ಹತ್ತುವ ನಮ್ಮ ಎಸ್ಟೇಟ್ ರಸ್ತೆಯ ಕೆಲವು ಮನೆಗಳು ಸೇರಿ ಒಂದು ಕೂಟವಾಯಿತು. ಇದೆಲ್ಲ ನನ್ನ ಗಂಡನಿಗೆ ತಮಾಷೆ. "ವಾರವೆಲ್ಲ ನೋಡಿ ಸಾಕಾದ ಮುಖಾನೇ ಮತ್ತೆ ನೋಡಕ್ಕೆ ಚಾಪೆ ಬೇರೆ ಕೇಡು" ಎನ್ನುತ್ತಿದ್ದರು. ನಮ್ಮ ಮನೆಯ ಸರದಿ ಬಂದಾಗ ಮಾತ್ರ ಬಂದು ಕೂರುತ್ತಿದ್ದರು, ಅದೂ ವಡೆಯ ವಾಸನೆಗೆ.

ಕೂಟದ ಕ್ರಮ ಸರಳ. ಒಂದು ಹಾಡು, ಬೈಬಲ್ಲಿನ ಶುಭಸಂದೇಶದಿಂದ ಒಂದು ಭಾಗ, ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬೊಬ್ಬರಾಗಿ ಒಂದೊಂದು ಕೋರಿಕೆ ಹೇಳಬೇಕು, ಜೋರಾಗಿ, ಎಲ್ಲರಿಗೂ ಕೇಳುವಂತೆ. ಪುಸ್ತಕದಲ್ಲಿದ್ದದ್ದಲ್ಲ, ಅವರವರ ಮನೆಯದು. ಒಬ್ಬರು ಹೇಳಿ ಮುಗಿಸಿದ ಕೂಡಲೇ ಉಳಿದವರೆಲ್ಲ "ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿ" ಎನ್ನಬೇಕು. ಚಿಕ್ಕಂದಿನಿಂದ ಚರ್ಚಿನಲ್ಲಿ ಹೇಳಿ ಹೇಳಿ ಆ ಮಾತು ನಮ್ಮ ನಾಲಿಗೆಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಎದುರಿನವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೂ ಬಾಯಿಂದ ಬಂದುಬಿಡುತ್ತದೆ. ಕೂಟವನ್ನು ನಡೆಸುವವರು ನಿವೃತ್ತ ಮೇಷ್ಟ್ರೊಬ್ಬರು. ಕೋರಿಕೆಗೆ ಮೊದಲು ಅವರು ಪ್ರತಿ ಸಲ ಒಂದು ಮಾತು ಹೇಳುತ್ತಿದ್ದರು. "ಚಾಪೆ ಮೇಲೆ ಹೇಳಿದ್ದು ಚಾಪೆ ಮೇಲೇ ಇರಲಿ."

ಇರುತ್ತಲೂ ಇತ್ತು. ಅದನ್ನು ನಾನು ಒಪ್ಪಿಕೊಳ್ಳಲೇಬೇಕು. ನನ್ನ ಮೈದುನನ ಜೊತೆಗಿನ ಪಾಲಿನ ಜಗಳವನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಆ ಚಾಪೆಯ ಮೇಲೆ, ಬೇರೆಲ್ಲೂ ಅಲ್ಲ. ನಮ್ಮ ಪಕ್ಕದ ಎಸ್ಟೇಟಿನ ಮ್ಯಾನೇಜರ್ ಹೆಂಡತಿಯೂ ನಮ್ಮ ಕೂಟದವರೇ. ಮಂಗಳೂರು ಕಡೆಯವರು, ನಾವು ಬಂಗಲೆಯಮ್ಮ ಎನ್ನುತ್ತೇವೆ. ಊರಿನಲ್ಲಿರುವ ತಮ್ಮ ತಾಯಿಗೆ ಮರೆವು ಬಂದು, ಹೋದಾಗಲೆಲ್ಲ "ನೀನು ಯಾರು" ಎಂದು ಕೇಳುತ್ತಾರೆಂದು ಅವರು ಅದೇ ಚಾಪೆಯ ಮೇಲೆ ಅತ್ತಿದ್ದರು. ಅಲ್ಲಿಯವರೆಗೆ ಆಯಮ್ಮನನ್ನು ಇಸ್ತ್ರಿ ಮಾಡಿದ ಸೀರೆ ಎಂದಷ್ಟೇ ತಿಳಿದಿದ್ದ ನನಗೆ ಅವರ ಮೇಲೆ ಅವತ್ತು ನಿಜವಾಗಿ ಪ್ರೀತಿ ಬಂತು. ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದವಳು ಅವರದೇ ಎಸ್ಟೇಟಿನ ಡ್ರೈವರನ ಹೆಂಡತಿ. ಬಂಗಲೆಯಲ್ಲಾದರೆ ಆ ಇಬ್ಬರು ಒಂದೇ ಸೋಫಾದ ಮೇಲೆ ಕೂರುವುದುಂಟೆ?

ಡ್ರೈವರನ ಹೆಂಡತಿ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಕೊಯ್ಲಿನ ಕಾಲದಲ್ಲಿ ಹಣ್ಣು ಬಿಡಿಸಲು ಹೋಗುತ್ತಿದ್ದಳು, ಉಳಿದ ದಿನ ಮನೆ. ಹಾಡಿನಲ್ಲಿ ಅವಳನ್ನು ಮೀರಿಸುವವರು ನಮ್ಮ ಕೂಟದಲ್ಲಿರಲಿಲ್ಲ. ಎಸ್ಟೇಟಿನ ಗ್ಯಾರೇಜಿನ ಹಿಂದೆ ಡ್ರೈವರಿಗೆಂದೇ ಕೊಟ್ಟ ಎರಡು ಕೋಣೆಯ ಮನೆ, ಬಾಗಿಲಲ್ಲೇ ನಲ್ಲಿ, ಹತ್ತನೆಯ ತರಗತಿಯಲ್ಲಿ ಓದುವ ಒಬ್ಬಳೇ ಮಗಳು. ಗಂಡನ ಮುಖ್ಯ ಕೆಲಸ ಬೆಳಿಗ್ಗೆ ಮ್ಯಾನೇಜರರ ಎರಡು ಮಕ್ಕಳನ್ನು ಜೀಪಿನಲ್ಲಿ ಪೇಟೆಯ ಶಾಲೆಗೆ ಬಿಟ್ಟು ಸಂಜೆ ಕರೆತರುವುದು. ಅವನ ಮಗಳೂ ಅದೇ ಜೀಪಿನ ಹಿಂದೆ ಕೂತು ಹೋಗುತ್ತಿದ್ದಳು. ಅವನು ಸಂಜೆ ಕುಡಿಯುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ರಸ್ತೆಯಲ್ಲಿ ಸಂಜೆ ಕುಡಿಯದ ಗಂಡಸರನ್ನು ಹುಡುಕಬೇಕು, ಹಾಗಾಗಿ ಅದನ್ನು ಯಾರೂ ಸುದ್ದಿಯೆಂದು ಎಣಿಸಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಅವನು ಕೆಲವು ದಿನ ಕಾಣಿಸಲಿಲ್ಲ. ಎಡಕುಮೇರಿಯ ಹತ್ತಿರ ಹಳಿಯ ಮೇಲೆ ಗುಡ್ಡ ಕುಸಿದು ರೈಲು ನಿಂತಿದ್ದ ಕಾಲ. ನೆಂಟರ ಮನೆಗೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾನೆ ಎಂದು ಹೆಂಡತಿ ಹೇಳಿದಳು, ನಾವೂ ನಂಬಿದೆವು.

ಕೊಯ್ಲು ಮುಗಿಯುತ್ತ ಬಂದಾಗ ಮೇಷ್ಟ್ರ ಮನೆಯಲ್ಲಿ ಕೂಟ. ಕೋರಿಕೆಯ ಸರದಿ ಅವಳಿಗೆ ಬಂತು. ಅವಳು ಎಂದಿನಂತೆ ತಲೆ ಬಗ್ಗಿಸಲಿಲ್ಲ, ಮುಖ ಎತ್ತಿ ಮೇಣದ ಬತ್ತಿಯನ್ನೇ ನೋಡುತ್ತ ಹೇಳಿದಳು.

"ಪ್ರಭುವೇ, ಇವತ್ತು ಕೇಳಾಕೇನಿಲ್ಲ, ಹೇಳಾಕೈತೆ. ನನ್ ಗಂಡ ಮಳೆಗಾಲದಿಂದ ಈಚೆ ಒಂದ್ ತೊಟ್ಟು ಮುಟ್ಟಿಲ್ಲ. ನೆಂಟರ ಮನೆಗೆ ಹೋಗವ್ನೆ ಅಂತ ಎಲ್ಲರಿಗೂ ಸುಳ್ ಹೇಳ್ದೆ. ಕುಡಿಯಾದು ಬುಡಿಸೋ ಶಿಬಿರಕ್ಕೆ ಹೋಗಿದ್ದ. ಬೆಳಿಗ್ಗೆ ಜೀಪ್ ತೆಗಿಯಾಕ್ ಮುಂಚೇನೇ ಒಂದ್ ಗುಟುಕು ಹಾಕ್ಬೇಕಿತ್ತು ಅವ್ನಿಗೆ, ಇಲ್ದಿದ್ರೆ ಕೈ ನಡುಗೋದು. ಅಂಥೋನು ಈಗ ಕಾಪಿ ಕುಡ್ಕಂಡು ಹೋಯ್ತಾನೆ. ನೀನು ದೊಡ್ಡೋನು ಕಣಪ್ಪ."

ಅವತ್ತು ನಾವು "ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿ" ಎಂದದ್ದು ಮೇಷ್ಟ್ರ ಅಂಗಳದವರೆಗೆ ಕೇಳಿರಬೇಕು. ನನ್ನ ಕಣ್ಣಲ್ಲಿ ನೀರು ಬಂತು. ಟೀ ಕೊಡುವಾಗ ಬಂಗಲೆಯಮ್ಮ ಎದ್ದು ಹೋಗಿ ಅವಳನ್ನು ತಬ್ಬಿಕೊಂಡರು. ಆ ತಬ್ಬಿಕೊಂಡದ್ದು ನಾಟಕವಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಮನೆಗೆ ನಡೆಯುವಾಗ ಅವಳು ದಾರಿಯುದ್ದಕ್ಕೂ ಮಾತಾಡಿದಳು. ಎದೆ ಮೇಲಿನ ಕಲ್ಲು ಇಳಿಸಿದಂಗಾತು ಅಕ್ಕ, ಎಂದಳು.

ಆ ವಾರ ಮುಗಿಯುವುದರೊಳಗೆ ಶಾಲೆಯ ಜೀಪಿನಲ್ಲಿ ಬೇರೆ ಡ್ರೈವರ್ ಕೂತಿದ್ದ.

ಮ್ಯಾನೇಜರು ಕೂಗಾಡಲಿಲ್ಲವಂತೆ. ಡ್ರೈವರನನ್ನು ಆಫೀಸಿಗೆ ಕರೆದು, ನೀನು ಸ್ವಲ್ಪ ದಿನ ಸ್ಟೋರಿನಲ್ಲಿರು ಎಂದರಂತೆ. ಅಲ್ಲಿ ಗೊಬ್ಬರದ ಮೂಟೆ ಹೊರುವ ಕೆಲಸ. ಇವನು ಸುಮ್ಮನೆ ಹೋದ. ಆಮೇಲೆ ಎರಡನೆಯ ಮಾತು ಬಂತು. ಗ್ಯಾರೇಜಿನ ಹಿಂದಿನ ಮನೆ ಡ್ರೈವರಿನದು, ಡ್ರೈವರ್ ಬದಲಾದ ಮೇಲೆ ಮನೆಯೂ ಬದಲಾಗಬೇಕಲ್ಲ? ಮೇಲಿನ ಲೈನಿನಲ್ಲಿ ಒಂದು ಮನೆ ಖಾಲಿ ಇದೆ, ಮಗಳ ಪರೀಕ್ಷೆ ಮುಗಿದ ಕೂಡಲೇ ಹೋಗಿ ಎಂದರು. ಪರೀಕ್ಷೆಯವರೆಗೆ ಬಿಟ್ಟದ್ದೇ ದೊಡ್ಡತನವೆಂದು ಮೇಷ್ಟ್ರು ನನ್ನ ಹತ್ತಿರ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಇವನು ಬೇರೆ ತೋಟಗಳಲ್ಲಿ ಡ್ರೈವರ್ ಕೆಲಸ ಕೇಳಿಕೊಂಡು ಹೋದ. ಮ್ಯಾನೇಜರುಗಳು ಒಬ್ಬರಿಗೊಬ್ಬರು ಫೋನು ಮಾಡುವವರು. ಎಲ್ಲ ಕಡೆಯೂ ಒಂದೇ ಉತ್ತರ, ಈಗ ಬೇಡ, ನೋಡೋಣ. ಕುಡಿದು ಜೀಪು ಓಡಿಸುತ್ತಿದ್ದಾಗ ಇದ್ದ ಕೆಲಸ, ಬಿಟ್ಟ ಮೇಲೆ ಹೋಯಿತು. ಊರಿನವರಿಗೆ ಇನ್ನೊಂದು ಕುತೂಹಲ. ಮತ್ತೆ ಯಾವಾಗ ಶುರು ಮಾಡುತ್ತಾನೋ ಎಂದು ಕಾಯತೊಡಗಿದರು. ಅಂಗಡಿಯ ಮುಂದೆ ಅವನು ನಿಂತರೆ ಸಾಕು, ನಾಲ್ಕು ಜನರ ಮೂಗು ಆ ಕಡೆ ತಿರುಗುತ್ತಿತ್ತು. ನಾನೂ ಒಂದು ದಿನ ಅವನ ಹತ್ತಿರ ಮಾತಾಡುವಾಗ ವಾಸನೆ ಇದೆಯೇ ಎಂದು ನೋಡಿದೆ. ಇರಲಿಲ್ಲ. ಅವನಿಗೆ ನಾನು ನೋಡಿದ್ದು ಗೊತ್ತಾಯಿತು.

ನನ್ನ ಗಂಡ ಹೇಳಿದರು, "ಬೆಂಕಿ ತರ ಹಾರಾಡ್ಬೇಡ. ಕೇಳೋದಿದ್ರೆ ಹೋಗಿ ನೇರ ಕೇಳು." ನಾನು ಮೊದಲು ಹೋದದ್ದು ಮೇಷ್ಟ್ರ ಮನೆಗೆ. ನಾವೆಲ್ಲ ಸೇರಿ ಕೂಟದ ಪರವಾಗಿ ಮ್ಯಾನೇಜರ ಹತ್ತಿರ ಹೋಗೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕೂಟ ಬೇರೆ, ಎಸ್ಟೇಟ್ ಬೇರೆ ಕಣಮ್ಮ. ಅವರ ಆಡಳಿತದಲ್ಲಿ ನಾವು ಕೈ ಹಾಕೋದು ಸರಿಯಲ್ಲ. ಪ್ರಾರ್ಥನೆ ಮಾಡೋಣ."

"ಪ್ರಾರ್ಥನೆ ಮಾಡಿದ್ದಕ್ಕೇ ತಾನೇ ಮೇಷ್ಟ್ರೇ ಇಷ್ಟೆಲ್ಲ ಆಗಿದ್ದು" ಎಂದು ಎದ್ದು ಬಂದೆ. ಈಗಿನ ಫಾದರ್ ಹೊಸಬರು, ಹುಡುಗರು. ಪೂಜೆ ಮುಗಿದ ಮೇಲೆ ಅವರನ್ನು ಹಿಡಿದು ವಿಷಯ ಹೇಳಿದೆ. ಬಹಳ ನೊಂದುಕೊಂಡರು. ನೊಂದುಕೊಳ್ಳುತ್ತಲೇ ಮುಂದಿನ ಪೂಜೆಗೆಂದು ಇನ್ನೊಂದು ಊರಿಗೆ ಬೈಕು ಹತ್ತಿದರು.

ಕೊನೆಗೆ ಬಂಗಲೆಗೇ ಹೋದೆ. ಕಣದಲ್ಲಿ ಕಾಫಿ ಹರಡಿತ್ತು, ಹೆಂಗಸರು ಕಾಲಿನಲ್ಲಿ ಕೆದಕುತ್ತ ಓಡಾಡುತ್ತಿದ್ದರು. ಬಂಗಲೆಯಮ್ಮ ವರಾಂಡದಲ್ಲೇ ಸಿಕ್ಕಿದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು.

"ನೀವು ಬೈಲಿಕ್ಕೆ ಬಂದದ್ದು ಅಲ್ವಾ? ಕೂತ್ಕೊಂಡು ಬೈರಿ" ಎಂದು ಕುರ್ಚಿ ಎಳೆದರು.

ಕೂರಲಿಲ್ಲ ನಾನು. ಚಾಪೆಯ ಮೇಲೆ ಹೇಳಿದ ಮಾತು ಆಫೀಸಿಗೆ ಹೇಗೆ ಹೋಯಿತು ಎಂದು ಕೇಳಿದೆ.

"ನಾನು ಊರಿಗೆ ಹೇಳಿದ್ದಲ್ಲ. ನನ್ನ ಗಂಡನಿಗೆ ಹೇಳಿದ್ದು. ಗಂಡನಿಗೂ ಹೇಳ್ಬಾರ್ದು ಅಂದ್ರೆ ಹೇಗೆ?"

"ಅವಳು ದೇವರ ಮುಂದೆ ಹೇಳಿದ್ದು ಅದು."

"ನನಗೂ ಕೇಳಿತಲ್ಲ ಆದ್ರೆ. ಕಿವಿ ಮುಚ್ಕೊಳ್ಳಿಕ್ಕೆ ಆಗ್ತದಾ? ಹಳ್ಳದ ಹತ್ರ ಆ ತಿರುವು ನಿಮಗೆ ಗೊತ್ತುಂಟು. ದಿನಾ ಬೆಳಿಗ್ಗೆ ನನ್ನ ಮಕ್ಕಳು ಅಲ್ಲಿ ಕುಡಿದವನ ಕೈಯಲ್ಲಿ ಹೋಗಿದ್ದಾರೆ. ಅದು ಕೇಳಿದ ದಿನ ನಾನು ನಿದ್ದೆ ಮಾಡ್ಲಿಲ್ಲ. ನಿಮ್ಮ ಮಕ್ಕಳಾಗಿದ್ರೆ ನೀವು ಏನು ಮಾಡ್ತಿದ್ರಿ, ಹೇಳಿ."

"ಈಗ ಬಿಟ್ಟಿದ್ದಾನಲ್ಲಮ್ಮ."

"ಬಿಟ್ಟಿದ್ದಾನೆ ಅಂತ ಅವಳು ಹೇಳುದು. ನೆಂಟರ ಮನೆಗೆ ಹೋಗಿದ್ದಾನೆ ಅಂತ ಹೇಳಿದ್ದೂ ಅವಳೇ ಅಲ್ವಾ?"

ಅವಳು ಹೇಳಿದ ಒಂದೇ ಮಾತಿನಲ್ಲಿ ಈಯಮ್ಮ ಕುಡಿಯುತ್ತಿದ್ದನೆಂಬ ಅರ್ಧವನ್ನು ನಂಬಿದ್ದರು, ನಿಲ್ಲಿಸಿದನೆಂಬ ಅರ್ಧವನ್ನು ಬಿಟ್ಟಿದ್ದರು. ಅದನ್ನು ಅವರಿಗೆ ಹೇಳಬೇಕೆಂದು ನನಗೆ ಹೊಳೆದದ್ದು ಗೇಟು ದಾಟಿದ ಮೇಲೆ. ಅಲ್ಲಿ ನಿಂತಾಗ ಹೊಳೆದದ್ದು ಬೇರೆ. ನನ್ನ ಮೊಮ್ಮಗನನ್ನು ನಾನು ಆ ಜೀಪಿನಲ್ಲಿ ಕಳಿಸುತ್ತಿದ್ದೆನೆ? ಅದಕ್ಕೆ ಹೌದು ಎನ್ನಲು ನನ್ನಿಂದ ಆಗಲಿಲ್ಲ. ಬಂಗಲೆಯಮ್ಮನ ಕಣ್ಣುಗಳು ಕೆಂಪಾಗಿದ್ದವು. ನನಗೆ ಅವರ ಮೇಲಿನ ಸಿಟ್ಟೂ ಇಳಿಯಲಿಲ್ಲ, ಅವರದ್ದು ತಪ್ಪೆಂದು ಗಟ್ಟಿಯಾಗಿ ಹೇಳಲೂ ಬರಲಿಲ್ಲ. ಬೈಯಲು ಹೋದವಳು ಒಂದು ಲೋಟ ಜ್ಯೂಸು ಕುಡಿದು ಬಂದೆ.

ಡ್ರೈವರನ ಹೆಂಡತಿಗೆ ಇದನ್ನೆಲ್ಲ ಹೇಳಲಿಲ್ಲ. ಅವಳೇ ಒಂದು ದಿನ ನಮ್ಮ ಹಿತ್ತಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದಳು.

"ನನ್ ಮಗ್ಳೂ ಅದೇ ಜೀಪಲ್ಲಿ ಕೂತಿದ್ಲಲ್ಲಕ್ಕ. ದಿನಾ ಅವ್ಳು ಸ್ಕೂಲ್ ಮುಟ್ಟಗಂಟ ಬಾಗ್ಲಲ್ಲಿ ನಿಂತ್ಕಂಡು ಜಪಸರ ಹಿಡ್ಕಂತಿದ್ದೆ. ಹೇಳುದ್ರೆ ಅನ್ನ ಹೋಯ್ತದೆ, ಹೇಳ್ದಿದ್ರೆ ಜೀವ ಹೋಯ್ತದೆ, ಹಂಗಿತ್ತು. ಆವಾಗ ಬಾಯಿ ಮುಚ್ಕಂಡಿದ್ದೋಳು ಎಲ್ಲಾ ಸರಿಹೋದ್ ಮ್ಯಾಲೆ ಬಾಯಿ ಬುಟ್ನಲ್ಲ, ನಂಗೇನ್ ಬಂದಿತ್ತು?"

"ನಿನ್ನ ಗಂಡ ಏನಂತಾನೆ?"

"ಏನೂ ಅನ್ನಾಕಿಲ್ಲ. ಬೈದ್ರೆ ಚೆಂದಾಗಿತ್ತು. ಸಂಜೆ ಆದ್ರೆ ಮೆಟ್ಲ ಮ್ಯಾಲೆ ಕುಂತ್ಕಂಡು ಕೈ ನೋಡ್ಕಂತಾನೆ. ನಡುಗ್ತಾವಾ ಅಂತ."

ನಾನು ಎದ್ದು ಒಳಗೆ ಹೋದೆ. ಕಾಫಿ ಮಾಡಿಕೊಟ್ಟೆ. ಬಿಸಿಲೆಯ ಕಡೆ ಒಂದು ತೋಟದಲ್ಲಿ ಕಳೆ ಹೊಡೆಯುವ ಕೆಲಸ ಸಿಕ್ಕಿದೆಯೆಂದೂ, ಲೈನಿಗೆ ಹೋಗುವ ಬದಲು ಅಲ್ಲಿಗೇ ಹೋಗುತ್ತೇವೆಂದೂ ಹೇಳಿದಳು. ಮಗಳ ಕಾಲೇಜಿನ ಮಾತು ಎತ್ತಲಿಲ್ಲ. ಅಲ್ಲಿಂದ ಕಾಲೇಜಿಗೆ ಹೇಗೆ ಹೋಗುತ್ತಾಳೆಂದು ಕೇಳುವ ಧೈರ್ಯ ನನಗೂ ಆಗಲಿಲ್ಲ.

ಅವರು ಹೊರಡುವ ತಿಂಗಳೇ ಕೂಟದ ಸರದಿ ಅವಳ ಮನೆಗೆ ಬಂದಿತ್ತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅವಳಿಗೆ ತೊಂದರೆ ಬೇಡ, ರೈಟರ್ ಮನೆಯಲ್ಲಿ ಇಟ್ಟುಕೊಳ್ಳೋಣ ಎಂದು ಮೇಷ್ಟ್ರು ಹೇಳಿಕಳಿಸಿದರು. "ನನ್ ಸರದಿ ನಾನು ಬುಡಾಕಿಲ್ಲ" ಎಂದು ಅವಳು ತಿರುಗಿ ಹೇಳಿಕಳಿಸಿದಳು.

ಎಲ್ಲರೂ ಹೋದೆವು. ಬಂಗಲೆಯಮ್ಮ ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಅದಕ್ಕೆ ಎದೆಗಾರಿಕೆ ಬೇಕು ಎಂದು ಒಂದು ಮನಸ್ಸು ಹೇಳಿತು, ಚರ್ಮ ಎಷ್ಟು ದಪ್ಪ ಎಂದು ಇನ್ನೊಂದು ಮನಸ್ಸು ಹೇಳಿತು. ಆ ಚಿಕ್ಕ ಕೋಣೆಯಲ್ಲಿ ಗೋಡೆಗೆ ಮೂಟೆಗಳನ್ನು ಒಟ್ಟಿದ್ದರಿಂದ ಒರಗಲು ಜಾಗವಿರಲಿಲ್ಲ. ಸ್ಟೂಲನ್ನೂ ಕಟ್ಟಿಬಿಟ್ಟಿದ್ದರು, ಬೈಬಲ್ಲನ್ನು ಕವುಚಿ ಹಾಕಿದ ಬಕೆಟ್ಟಿನ ಮೇಲೆ ಇಟ್ಟಿದ್ದಳು, ಅದರ ಮೇಲೂ ಬಿಳಿ ಬಟ್ಟೆ ಹೊದಿಸಿದ್ದಳು. ಗಂಡ ಹೊರಗೆ ಮಂಚ ಬಿಚ್ಚುತ್ತಿದ್ದ, ಸುತ್ತಿಗೆಯ ಸದ್ದು ಕೇಳುತ್ತಿತ್ತು. ಹಾಡು ಎತ್ತಲು ಎಲ್ಲರೂ ಅಭ್ಯಾಸದಂತೆ ಅವಳ ಕಡೆ ನೋಡಿದೆವು. ಅವಳು ಎತ್ತಿದಳು, ಚೆನ್ನಾಗಿಯೇ ಹಾಡಿದಳು.

ಶುಭಸಂದೇಶ ಓದಿಯಾಯಿತು, ಮೌನವಾಯಿತು. ಮೇಷ್ಟ್ರು ತಮ್ಮ ಮಾಮೂಲಿ ಮಾತನ್ನು ಶುರು ಮಾಡಿ, "ಚಾಪೆ ಮೇಲೆ" ಎಂದವರು ಅಲ್ಲಿಗೇ ನಿಲ್ಲಿಸಿ ಕೆಮ್ಮಿದರು. ಕೋರಿಕೆಗಳು ಬಂದವು. ಮೇಷ್ಟ್ರು ರೋಗಿಗಳಿಗಾಗಿ ಬೇಡಿದರು, ರೈಟರ್ ಹೆಂಡತಿ ಪರೀಕ್ಷೆ ಬರೆದ ಮಕ್ಕಳಿಗಾಗಿ ಬೇಡಿದಳು. ಬಂಗಲೆಯಮ್ಮ, ಊರು ಬಿಟ್ಟು ಹೋಗುವ ಈ ಕುಟುಂಬವನ್ನು ಕಾಪಾಡು ಎಂದರು. ಪ್ರತಿ ಕೋರಿಕೆಗೂ ನಾವು ಹೇಳಬೇಕಾದದ್ದನ್ನು ಹೇಳಿದೆವು. ಬಂಗಲೆಯಮ್ಮನ ಕೋರಿಕೆಗೆ ನಾನು ಬಾಯಿ ತೆರೆಯಬಾರದೆಂದುಕೊಂಡಿದ್ದೆ, ಅದು ತಾನಾಗಿಯೇ ತೆರೆದುಕೊಂಡಿತು.

ಕೊನೆಗೆ ಮನೆಯವಳ ಸರದಿ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ತರಕಾರಿಯವನ ಹತ್ತಿರ ಲೆಕ್ಕ ಕೇಳುವ ದನಿಯಲ್ಲಿ ಹೇಳಿದಳು.

"ಪ್ರಭುವೇ, ನಿನ್ ಮುಂದೆ ಅಂತ ನಾನು ಇವ್ರೆಲ್ಲರ ಮುಂದೆ ಬಾಯಿ ಬುಟ್ಟೆ. ನಂಗಾಗಿದ್ದು ಇನ್ಯಾರ್ಗೂ ಆಗ್ಬಾರ್ದು. ಇನ್ ಮ್ಯಾಲೆ ಈ ಚಾಪೆ ಮ್ಯಾಲೆ ಕುಂತೋರು ಯಾರೂ ಮನಸ್ನಾಗಿದ್ದದ್ದು ಹೇಳ್ದಂಗೆ ನೋಡ್ಕೋ."

ಅವಳು ನಿಲ್ಲಿಸಿದ ಕೂಡಲೇ ನಾವೆಲ್ಲರೂ, ಮೇಷ್ಟ್ರು, ಬಂಗಲೆಯಮ್ಮ, ನಾನು, ಎಲ್ಲರೂ ಒಟ್ಟಿಗೆ, ಒಂದೇ ದನಿಯಲ್ಲಿ ಹೇಳಿದೆವು. "ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿ."

ಹೇಳಿ ಮುಗಿದ ಮೇಲೆ ನಾವು ಹೇಳಿದ್ದೇನೆಂದು ನಮಗೆ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಎದ್ದು ಹೋಗಿ ಪಕ್ಕದ ಮನೆಯಿಂದ ತಂದ ಲೋಟಗಳಲ್ಲಿ ಟೀ ಕೊಟ್ಟಳು, ಎಲ್ಲರಿಗೂ, ಬಂಗಲೆಯಮ್ಮನಿಗೂ. ಮಾರನೆಯ ಬೆಳಿಗ್ಗೆ ಪಿಕಪ್ ವ್ಯಾನಿನಲ್ಲಿ ಸಾಮಾನು ಹಾಕಿಕೊಂಡು ಹೋದರು. ಗಂಡ ಹಿಂದುಗಡೆ ಮೂಟೆಗಳ ಜೊತೆ ಕೂತಿದ್ದ. ಅವನು ಈಗ ಕುಡಿಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಫೋನಿನಲ್ಲಿ ಅವಳು ಮಗಳ ವಿಷಯ, ಜಿಗಣೆಯ ವಿಷಯ ಮಾತಾಡುತ್ತಾಳೆ, ಅದನ್ನು ಹೇಳುವುದಿಲ್ಲ. ನಾನು ಕೇಳುವುದಿಲ್ಲ.

ಕೂಟ ನಿಂತಿಲ್ಲ. ಚಾಪೆ ಹಾಸುತ್ತೇವೆ, ಮೇಣದ ಬತ್ತಿ ಹಚ್ಚುತ್ತೇವೆ, ಹಾಡು ಸ್ವಲ್ಪ ಅಪಸ್ವರ. ಹೊಸ ಡ್ರೈವರನ ಮನೆಯವರೂ ಬರುತ್ತಾರೆ. ಧರ್ಮಕೇಂದ್ರದಲ್ಲೇ ಚೆನ್ನಾಗಿ ನಡೆಯುವ ಕಿರು ಸಮುದಾಯ ನಮ್ಮದು ಎಂದು ಫಾದರ್ ಪೂಜೆಯಲ್ಲಿ ಹೊಗಳಿದರು. ಮೇಷ್ಟ್ರು ಲೋಕಶಾಂತಿಗಾಗಿ ಬೇಡುತ್ತಾರೆ. ಬಂಗಲೆಯಮ್ಮ ಪೋಪರ ಆರೋಗ್ಯಕ್ಕಾಗಿ ಬೇಡುತ್ತಾರೆ, ಅವರ ತಾಯಿ ಇದ್ದಾರೋ ಇಲ್ಲವೋ ನಮಗೆ ತಿಳಿಯದು. ಹೋದ ತಿಂಗಳು ರೈಟರ್ ಹೆಂಡತಿ ಅತ್ತು ಅತ್ತು ಊದಿದ ಕಣ್ಣುಗಳಲ್ಲಿ ಬಂದು ಕೂತಿದ್ದಳು. ಯುದ್ಧ ನಡೆಯುತ್ತಿರುವ ದೇಶಗಳಿಗಾಗಿ ಬೇಡಿದಳು.

ಆ ವಾರ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಹಾಸನದ ಡಾಕ್ಟರು ಮುಟ್ಟಿ ನೋಡಿ, ಏನೂ ಹೇಳದೆ ಇನ್ನೊಂದು ಪರೀಕ್ಷೆಗೆ ಬರೆದುಕೊಟ್ಟಿದ್ದರು. ಗಂಡನಿಗೂ ಇನ್ನೂ ಹೇಳಿರಲಿಲ್ಲ. ನನ್ನ ಸರದಿ ಬಂತು. ಎಲ್ಲರೂ ತಲೆ ಬಗ್ಗಿಸಿ ಕಾಯುತ್ತಿದ್ದರು. ನಾನು ಬಾಯಿ ತೆರೆದು, ಈ ವರ್ಷ ಕಾಫಿಗೆ ಹೂಮಳೆ ಸಕಾಲಕ್ಕೆ ಬೀಳಲಿ ಎಂದೆ.

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿ" ಎಂದರು ಎಲ್ಲರೂ.